ಮುರಿದ ಮನಸ್ಸಿಗೆ ಯಾವ ಜಪಾನಿ ಹಾಡು? ಹದಿಹರೆಯದವರು ಆರಿಸಿಕೊಳ್ಳಲು ಒಂದು ಮಾರ್ಗದರ್ಶಿ

ಮನಸ್ಸು ಮುರಿದಾಗ ಕೇಳಲು ಜಪಾನಿ ಹಾಡು ಬೇಕೆಂದು ಹುಡುಕಿದರೆ ಐವತ್ತು, ನೂರು ಹಾಡುಗಳ ಪಟ್ಟಿಗಳು ಸಾಲಾಗಿ ಸಿಗುತ್ತವೆ. ಬಾಯಿಬಿಟ್ಟು ಹೇಳಲಾಗದೆ ಉಳಿದ ಪ್ರೀತಿ, ಜೊತೆಗಿದ್ದು ಬಿಟ್ಟುಹೋದ ಪ್ರೀತಿ, ಬೇರೆ ಊರಿನ ಶಾಲೆ ಸೇರಿದ ಗೆಳತಿ, ತೀರಿಕೊಂಡ ಅಜ್ಜ, ಎಲ್ಲವನ್ನೂ ಒಂದೇ ಪಟ್ಟಿಗೆ ತುರುಕಿರುತ್ತಾರೆ. ಭಾಷೆ ಬಾರದವರಿಗೆ ಇನ್ನೂ ಕಷ್ಟ. ನಮ್ಮಲ್ಲಿ ಹೆಚ್ಚಿನ ಮಕ್ಕಳು ಈ ಹಾಡುಗಳಿಗೆ ಬರುವುದು ಅನಿಮೆಯ, ಅಂದರೆ ಜಪಾನಿ ಅನಿಮೇಷನ್ ಚಿತ್ರ, ಧಾರಾವಾಹಿಗಳ ದಾರಿಯಲ್ಲಿ. ನಿರ್ದೇಶಕ ಮಕೊಟೊ ಶಿಂಕಾಯ್ ಅವರ "ವೆದರಿಂಗ್ ವಿತ್ ಯೂ" 2019ರಲ್ಲಿ, "ಸುಜುಮೆ" 2023ರಲ್ಲಿ ಭಾರತದ ಚಿತ್ರಮಂದಿರಗಳಿಗೇ ಬಂದವು. ತೆರೆಯ ಮೇಲಾದರೆ ಮಾತಿನ ಅರ್ಥ ಕೆಳಗೆ ಮೂಡುತ್ತದೆ. ಮೊಬೈಲಿನಲ್ಲಿ ಬರೀ ಹಾಡು ಕೇಳುವಾಗ ರಾಗವನ್ನೇ ಅರ್ಥವೆಂದು ನಂಬಬೇಕಾಗುತ್ತದೆ. ಜಪಾನಿನ ಪಾಪ್ ಸಂಗೀತದಲ್ಲಿ ಹಾಗೆ ನಂಬಿದರೆ ಮೋಸಹೋಗುತ್ತೇವೆ. ಕುಣಿಸುವ ತಾಳದ ಮೇಲೆ ಎದೆ ಕಲಕುವ ಮಾತನ್ನು ಕೂರಿಸುವುದು ಅಲ್ಲಿ ತೀರಾ ಸಾಮಾನ್ಯ.

ಆದ್ದರಿಂದ ರಾಗ ನೋಡಿ ಆರಿಸಬೇಡಿ, ಹಾಡುಗಾರರ ಹೆಸರು ನೋಡಿಯೂ ಆರಿಸಬೇಡಿ ಎಂದೇ ನಾನು ಹೇಳುವುದು. ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹಾಡುವ ವ್ಯಕ್ತಿ ಯಾವ ಕಡೆ ನಿಂತಿದ್ದಾರೆ: ಹೇಳಲಾಗದವರೋ, ಬಿಟ್ಟುಹೋದವರೋ, ಹಿಂದೆ ಉಳಿದವರೋ? ಹಾಡು ಮುಗಿಯುವಾಗ ಅದು ನಿಮ್ಮನ್ನು ಶುರುವಿನ ಜಾಗದಲ್ಲೇ ಬಿಟ್ಟಿರುತ್ತದೋ, ಒಂದು ಹೆಜ್ಜೆಯಾದರೂ ಮುಂದೆ ತಂದಿರುತ್ತದೋ? ಹದಿನೈದು, ಹದಿನಾರರ ವಯಸ್ಸಿನಲ್ಲಿ ಒಂದೇ ಹಾಡನ್ನು ರಾತ್ರಿಯಿಡೀ ಕೇಳುವುದುಂಟು. ಅದಕ್ಕೇ ಎರಡನೆಯ ಪ್ರಶ್ನೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಹೇಳದೇ ಉಳಿದ ಪ್ರೀತಿ

ಈ ನೋವಿಗೆ ನನ್ನ ಮೊದಲ ಆಯ್ಕೆ ಸೂಪರ್‌ಸೆಲ್ ತಂಡದ "ಕಿಮಿ ನೊ ಶಿರನಾಯ್ ಮೊನೊಗತಾರಿ", ಅಂದರೆ ನಿನಗೆ ಗೊತ್ತಿಲ್ಲದ ಕಥೆ. 2009ರ ಆಗಸ್ಟ್‌ನಲ್ಲಿ ಬಂದ ಈ ಹಾಡು "ಬಕೆಮೊನೊಗತಾರಿ" ಅನಿಮೆಯ ಮುಕ್ತಾಯ ಗೀತೆಯಾಗಿತ್ತು. ಗೆಳೆಯರ ಗುಂಪೊಂದು ಯಾವತ್ತೋ ಒಂದು ಸಂಜೆ ಇದ್ದಕ್ಕಿದ್ದಂತೆ ನಕ್ಷತ್ರ ನೋಡಲು ಹೊರಡುತ್ತದೆ. ದೀಪವಿಲ್ಲದ ದಾರಿ, ಅರ್ಥವಿಲ್ಲದ ನಗು. ಹುಡುಗ ಆಕಾಶಕ್ಕೆ ಬೆರಳು ಮಾಡಿ ಡೆನೆಬ್, ಆಲ್ಟೈರ್, ವೇಗಾ ಎಂದು ಬೇಸಿಗೆಯ ತ್ರಿಕೋನವನ್ನು ತೋರಿಸುತ್ತಾನೆ. ಆಲ್ಟೈರ್ ನಮ್ಮ ಪಂಚಾಂಗದ ಶ್ರವಣ, ವೇಗಾ ಅಭಿಜಿತ್. ಜಪಾನಿನ ತನಾಬತಾ ಕಥೆಯಲ್ಲಿ ಈ ಎರಡು ನಕ್ಷತ್ರಗಳು ಆಕಾಶಗಂಗೆಯ ಎರಡು ದಡಗಳಲ್ಲಿ ನಿಂತ ಪ್ರೇಮಿಗಳು. ವರ್ಷಕ್ಕೊಂದು ರಾತ್ರಿ ಮಾತ್ರ ಕೂಡುತ್ತಾರೆ. ಹುಡುಗಿಗೆ ನೇಯ್ಗೆಯ ರಾಜಕುಮಾರಿಯ ನಕ್ಷತ್ರವಾದ ವೇಗಾ ಸಿಗುತ್ತದೆ, ಅವಳ ಜೊತೆಗಾರನ ನಕ್ಷತ್ರ ಎಲ್ಲಿ ಎಂದು ಹುಡುಕುತ್ತಾಳೆ. ಬೆರಳು ತೋರಿಸುತ್ತಿರುವವನು ಪಕ್ಕದಲ್ಲೇ ಇದ್ದಾನೆ, ಅವಳಿಂದ ಒಂದು ಮಾತೂ ಹೊರಡುವುದಿಲ್ಲ.

ಈ ಹಾಡಿನಲ್ಲಿ ಹುಡುಗನ ತಪ್ಪೇನೂ ಇಲ್ಲ, ಜಗಳವಿಲ್ಲ, ದ್ರೋಹವಿಲ್ಲ. ಅವನಿಗೆ ವಿಷಯವೇ ತಿಳಿಯದು. ಹೇಳದೇ ಉಳಿದ ಪ್ರೀತಿಯಲ್ಲಿ ದೂರಲು ಯಾರೂ ಸಿಗುವುದಿಲ್ಲ. ಆ ಸಂಕಟವನ್ನು ಈ ಹಾಡು ಹಿಡಿದಷ್ಟು ನಿಖರವಾಗಿ ಹಿಡಿದ ಇನ್ನೊಂದು ಪಾಪ್ ಹಾಡನ್ನು ನಾನು ಕೇಳಿಲ್ಲ. ಅಷ್ಟೇ ಮುಖ್ಯವಾದದ್ದು ಹಾಡಿನ ಕಾಲ. ಇದು ಆ ರಾತ್ರಿಯೇ ಹಾಡಿದ್ದಲ್ಲ, ಎಷ್ಟೋ ಕಾಲದ ನಂತರ ನೆನೆದು ಹಾಡಿದ್ದು. ಕೊನೆಗೆ ಹುಡುಗಿ ಆ ರಾತ್ರಿಯನ್ನು ತನ್ನೊಬ್ಬಳ ಗುಟ್ಟಾಗಿ ಇಟ್ಟುಕೊಳ್ಳುತ್ತಾಳೆ. ಕೇಳುವವರಿಗೆ, ಈ ನೋವು ಒಂದು ದಿನ ಹಿಂದೆ ತಿರುಗಿ ನೋಡುವ ಸಂಗತಿಯಾಗುತ್ತದೆ ಎಂಬ ಭರವಸೆ ತಾನಾಗಿಯೇ ಸಿಗುತ್ತದೆ. ಎರಡನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇದರ ಎದುರು ಒಫೀಶಿಯಲ್ ಹಿಗೆ ದಾಂದಿಸ್ಮ್ ತಂಡದ "ಪ್ರಿಟೆಂಡರ್" ಅನ್ನು ಇಟ್ಟು ನೋಡಿ. ಶಿಮಾನೆ ಪ್ರಾಂತ್ಯದಲ್ಲಿ 2012ರಲ್ಲಿ ಕೂಡಿದ ತಂಡ ಇದು. ಹಾಡು ಬಂದದ್ದು 2019ರ ಮೇನಲ್ಲಿ. ನಮ್ಮಿಬ್ಬರದೂ ಪ್ರೇಮಕಥೆ ಎಂದುಕೊಂಡದ್ದು ತಾನೊಬ್ಬನೇ ಆಡಿದ ನಾಟಕವಾಗಿತ್ತು ಎಂದು ಹುಡುಗ ಶುರುವಿನಲ್ಲೇ ಒಪ್ಪಿಕೊಳ್ಳುತ್ತಾನೆ. ಬೇರೆ ಸನ್ನಿವೇಶದಲ್ಲಿ, ಬೇರೆ ನಂಟಿನಲ್ಲಿ ಸಿಕ್ಕಿದ್ದರೆ ಎಂದು ಹಂಬಲಿಸುತ್ತಾನೆ. ನಿನಗೆ ವಿಧಿ ಬರೆದಿಟ್ಟವನು ನಾನಲ್ಲ ಎಂದು ವಿದಾಯ ಹೇಳುತ್ತಾನೆ. ಹಾಗಾದರೆ ನೀನು ನನಗೆ ಏನು ಎಂದು ಕೇಳಿಕೊಂಡು, ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲೂ ಮನಸ್ಸಿಲ್ಲ ಎನ್ನುತ್ತಾನೆ. ನೀನು ಚೆಲುವೆ ಎಂಬುದೊಂದೇ ಅವನಿಗೆ ಖಚಿತ. ರಾಗ ಬಹಳ ದೊಡ್ಡದು, ದನಿ ಎತ್ತರಕ್ಕೆ ಏರುತ್ತದೆ. ಒಳಗೊಳಗೇ ಕುದಿಯುವವರಿಗೆ, ಕೂಗಿ ಹಾಡಿ ಹಗುರಾಗಬೇಕೆನ್ನುವವರಿಗೆ ಇದು ತಕ್ಕ ಹಾಡು. ಸುಮ್ಮನೆ ಕೂತು ಅಳಬೇಕೆನ್ನುವವರಿಗೆ ಸೂಪರ್‌ಸೆಲ್ ಹಾಡೇ ಸರಿ.

ಮೂರನೆಯದೂ ಒಂದಿದೆ, ನಗಿಸುವಂಥದ್ದು. ಗುನ್ಮಾ ಪ್ರಾಂತ್ಯದ ಬ್ಯಾಕ್ ನಂಬರ್ ತಂಡದ "ತಕಾನೆ ನೊ ಹನಾಕೊ ಸಾನ್" 2013ರದ್ದು. ಕೈಗೆಟುಕದ ಹುಡುಗಿಯೊಬ್ಬಳ ಮುಂದಿನ ಪ್ರಿಯಕರ ಹೇಗಿರಬಹುದೆಂದು ಹುಡುಗ ಊಹಿಸುತ್ತಾನೆ: ಅವಳಿಗಿಂತ ದೊಡ್ಡವನು, ಬಿಸಿಲಿಗೆ ಕಂದಿದ ಮೈಬಣ್ಣ ಒಪ್ಪುವವನು, ಪಾಶ್ಚಾತ್ಯ ಸಂಗೀತ ಕೇಳುವವನು. ಆ ಊಹೆಯ ಎದುರಾಳಿಯ ಮುಂದೆ ತಾನೇ ಸೋತುಹೋಗುತ್ತಾನೆ. ತರಗತಿಯ ಯಾರ ಮೇಲೋ ಹುಟ್ಟಿದ ಹೊಸ ಆಸೆ ಕೈಗೂಡಲಿಲ್ಲವೆಂಬ ಮಟ್ಟದ ಬೇಸರಕ್ಕೆ ಈ ಹಾಡು ಸಾಕು. ಗಾಯ ಆಳವಾಗಿದ್ದರೆ ಇದನ್ನು ಕೊಡಬೇಡಿ, ಹಗುರ ಮಾಡಿದಂತಾಗುತ್ತದೆ.

ಇದ್ದದ್ದು ಮುರಿದಾಗ

ಇಲ್ಲಿ ಆಯ್ಕೆ ಹೆಚ್ಚು, ವ್ಯತ್ಯಾಸವೂ ಹೆಚ್ಚು. ಹಿಕಾರು ಉಟಾಡಾ ಅವರ "ಫಸ್ಟ್ ಲವ್" ಹಾಡಿನಿಂದ ಹೊರಡೋಣ. 1999ರ ಮಾರ್ಚ್‌ನಲ್ಲಿ ಇದೇ ಹೆಸರಿನ ಆಲ್ಬಂ ಬಂದಾಗ ಉಟಾಡಾ ಅವರಿಗೆ 16 ವರ್ಷ. ಆ ಆಲ್ಬಂ ಜಪಾನಿನಲ್ಲಿ 76 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆ ದೇಶದಲ್ಲಿ ಅದಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಂ ಇನ್ನೊಂದಿಲ್ಲ. ಹದಿನಾರರ ಹರೆಯದಲ್ಲಿ ಬರೆದು ಹಾಡಿದ ಹಾಡು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಬೇಕು. ಕೊನೆಯ ಮುತ್ತಿಗೆ ತಂಬಾಕಿನ ರುಚಿಯಿತ್ತು, ಕಹಿಯಾದ ವಾಸನೆ ಎಂದು ಹಾಡು ಶುರುವಾಗುತ್ತದೆ. ಅಂದರೆ ಪ್ರೀತಿಸಿದಾತ ವಯಸ್ಸಿನಲ್ಲಿ ದೊಡ್ಡವನಿರಬಹುದು ಎಂಬ ಸುಳಿವು ಮೊದಲ ಸಾಲಿನಲ್ಲೇ ಇದೆ. ಆ ವರ್ಷ ಇದು ಶೀರ್ಷಿಕೆ ಗೀತೆಯಾದ ದೂರದರ್ಶನ ಧಾರಾವಾಹಿಯೂ ಶಿಕ್ಷಕಿ ಮತ್ತು ವಿದ್ಯಾರ್ಥಿಯ ಪ್ರೇಮದ ಕಥೆ. ಮನೆಯ ಹಿರಿಯರು ಚಿಕ್ಕ ಮಕ್ಕಳಿಗೆ ಈ ಹಾಡು ಕೇಳಿಸುವಾಗ ಇದು ತಿಳಿದಿರಲಿ.

ಆದರೂ ನಾನು ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ಕಾರಣ ಪಲ್ಲವಿಯ ಕೊನೆಯ ಸಾಲುಗಳು. ಮುಂದೆ ಮತ್ತೊಬ್ಬರನ್ನು ಪ್ರೀತಿಸಿದರೂ ನಿನ್ನನ್ನು ಮರೆಯುವುದಿಲ್ಲ ಎಂದ ಮೇಲೆ, ಹೊಸ ಹಾಡು ಹಾಡಲು ಬರುವವರೆಗೆ ಇದು ದುಃಖದ ಹಾಡೇ ಆಗಿರುತ್ತದೆ ಎಂದು ಆ ಹದಿನಾರರ ದನಿ ಹೇಳುತ್ತದೆ. ಹೊಸ ಹಾಡು ಬರುತ್ತದೆ ಎಂಬುದರಲ್ಲಿ ಅದಕ್ಕೆ ಅನುಮಾನವಿಲ್ಲ. ಇಂದಿನ ಅಳುವಿಗೂ ಜಾಗವಿದೆ, ನಾಳೆಯ ಬಾಗಿಲೂ ಮುಚ್ಚಿಲ್ಲ. ಮೊದಲ ಪ್ರೀತಿ ಮುರಿದವರಿಗೆ ಒಂದೇ ಹಾಡು ಕೊಡಿ ಎಂದರೆ ನಾನು ಕೊಡುವುದು ಇದನ್ನೇ.

ಬಿಟ್ಟುಹೋಗುವ ನಿರ್ಧಾರ ನಿಮ್ಮದೇ ಆಗಿದ್ದರೆ ಲೆಕ್ಕ ಬೇರೆ. ಹದಿಹರೆಯದವರಿಗಾಗಿ ಬರೆದ ಸಲಹೆಗಳಲ್ಲಿ ಬಿಟ್ಟುಹೋದವರ ನೋವಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಯೂರಿ ಎಂಬ ಗಾಯಕನ "ಡ್ರೈ ಫ್ಲವರ್" ಆ ಕೊರತೆ ತುಂಬುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂದು, 2021ರಲ್ಲಿ ಬಿಲ್‌ಬೋರ್ಡ್ ಜಪಾನಿನ ವರ್ಷದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಹಾಡು. ಅದಕ್ಕೂ ಮೊದಲು, 2019ರಲ್ಲಿ ಬಂದ "ಕಕುರೆಂಬೊ" ಹಾಡಿನಲ್ಲಿ ಹುಡುಗ ಕಣ್ಣಾಮುಚ್ಚಾಲೆಯಾಡಿದಂತೆ ಹೋದವಳನ್ನು ಹುಡುಕುತ್ತಾನೆ. "ಡ್ರೈ ಫ್ಲವರ್" ಅದೇ ಕಥೆಯ ಮುಂದಿನ ಭಾಗ, ಹುಡುಗಿಯ ಬಾಯಲ್ಲಿ. ಇಬ್ಬರೇ ಇದ್ದ ಕೋಣೆಯಲ್ಲಿ ನೀನೊಬ್ಬನೇ ಮಾತಾಡುತ್ತಿದ್ದೆ ಎನ್ನುತ್ತಾಳೆ. ನೀನು ನಿದ್ದೆಹೋದ ಮೇಲೆ ಅಳುವುದು ನನಗೆ ಸಾಕಾಗಿದೆ ಎನ್ನುತ್ತಾಳೆ. ಒಂದು ಸಂಬಂಧ ಯಾಕೆ ಮುರಿಯಿತು ಎಂಬುದಕ್ಕೆ ಬೇರೆ ಯಾವ ವಿವರಣೆಯೂ ಬೇಕಾಗಿಲ್ಲ.

ಈ ಹಾಡಿನಲ್ಲಿ ಪಲ್ಲವಿ ಪ್ರತಿ ಬಾರಿ ಸ್ವಲ್ಪ ಬದಲಾಗುವುದನ್ನು ಗಮನಿಸಿ ಕೇಳಿ. ಮೊದಲ ಸಲ ನಿನ್ನ ದನಿ, ಮುಖ, ನಿನ್ನ ಪೆದ್ದುತನ ಯಾವುದೂ ನನಗೆ ಇಷ್ಟವಿಲ್ಲವೆಂದಲ್ಲ ಎನ್ನುವವಳು, ಕೊನೆಯ ಸಲ ಅದೆಲ್ಲವೂ ನನಗೆ ಪೂರ್ತಿ ಅಸಹ್ಯ ಎನ್ನುತ್ತಾಳೆ. ಆ ಮಾತು ಸುಳ್ಳೆಂದು ದನಿಯೇ ಹೇಳಿಬಿಡುತ್ತದೆ. ಒಣಗಿಸಿಟ್ಟ ಹೂವಿನಂತೆ ಕಾಲ ಕಳೆದರೆ ಬಣ್ಣ ಮಾಸುತ್ತದೆ ಎಂದು ನಂಬಲು ಅವಳು ಪಡುವ ಪ್ರಯತ್ನವೇ ಇಡೀ ಹಾಡು. "ಕಕುರೆಂಬೊ" ಮತ್ತು "ಡ್ರೈ ಫ್ಲವರ್" ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಒಂದೇ ಅಗಲಿಕೆ ಎರಡು ಕಡೆಯಿಂದ ಹೇಗೆ ಕಾಣುತ್ತದೆಂದು ತಿಳಿಯುತ್ತದೆ. ಹುಡುಗಿಯ ಮೇಲೆ ಸಿಟ್ಟಿನಲ್ಲಿ ಕುದಿಯುತ್ತಿರುವ ಹುಡುಗನಿಗೆ ಈ ಜೋಡಿಯನ್ನು ಕೇಳಿಸಿದರೆ ಒಳ್ಳೆಯದು.

ಯಾರದೂ ತಪ್ಪಿಲ್ಲದೆ ಮುರಿದ ಸಂಬಂಧಕ್ಕೆ ಯೊಅಸೊಬಿ ಜೋಡಿಯ "ತಬುನ್" ಇದೆ, 2020ರದ್ದು. ಜಾಲತಾಣದಲ್ಲಿ ಪ್ರಕಟವಾದ ಕಥೆಗಳನ್ನು ಹಾಡಾಗಿಸುವುದು ಈ ಜೋಡಿಯ ಪದ್ಧತಿ. ಆಯಾಸೆ ಸಂಗೀತ ಕಟ್ಟುತ್ತಾರೆ, ಇಕುರಾ ಹಾಡುತ್ತಾರೆ. ತಪ್ಪು ಯಾರದು, ಗೊತ್ತಿಲ್ಲ, ಬಹುಶಃ ಯಾರದೂ ಅಲ್ಲ ಎಂಬ ಧಾಟಿಯಲ್ಲಿ ಇದು ಸಾಗುತ್ತದೆ. ಕಣ್ಣೀರಿಲ್ಲ, ಕೂಗಾಟವಿಲ್ಲ. ತನಗೆ ಅಳು ಬರುತ್ತಿಲ್ಲವಲ್ಲ, ತಾನು ಕಲ್ಲುಹೃದಯದವಳೇ ಎಂದು ಹೆದರುವವರಿಗೆ ಇದು ಧೈರ್ಯ ಕೊಡುತ್ತದೆ.

ಬ್ಯಾಕ್ ನಂಬರ್ ತಂಡದ "ಹ್ಯಾಪಿ ಎಂಡ್", 2016ರ ನವೆಂಬರ್‌ನದು, ಇದಕ್ಕೆ ಪೂರಾ ವಿರುದ್ಧ. ಹೆಣ್ಣಿನ ಬಾಯಲ್ಲಿ ಹೇಳಿಸಿದ ಹಾಡನ್ನು ಗಂಡುದನಿಯಲ್ಲಿ ಇಯೊರಿ ಶಿಮಿಜು ಹಾಡಿದ್ದಾರೆ. ವಿದಾಯದ ಮಾತು ಗಂಟಲಲ್ಲಿ ಸಿಕ್ಕಿಕೊಂಡು, ಕೆಮ್ಮಿದಂತೆ ಹೊರಬಂದದ್ದು ಥ್ಯಾಂಕ್ಸ್ ಎಂಬ ಮಾತು. ಪರವಾಗಿಲ್ಲ, ನಾನು ಚೆನ್ನಾಗಿದ್ದೇನೆ ಎಂದು ಅವಳು ಮತ್ತೆ ಮತ್ತೆ ಹೇಳುತ್ತಾಳೆ. ಹಸಿರಾಗಿರುವಾಗಲೇ ಒಣಗುತ್ತಿದ್ದೇನೆ ಎಂಬುದೂ ಅವಳದೇ ಮಾತು. ಚೆಲುವಾದ ಹಾಡು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದು ನಿಮ್ಮನ್ನು ಆ ಬಾಗಿಲ ಬಳಿಯೇ ನಿಲ್ಲಿಸಿ ಹೋಗುತ್ತದೆ. ಎಲ್ಲರ ಮುಂದೆ ನಗುತ್ತಾ ನಡೆದಾಡುವ, ಮನೆಯಲ್ಲಿ ಏನೂ ಆಗಿಲ್ಲವೆಂದು ತೋರಿಸಿಕೊಳ್ಳುವ ಹುಡುಗ ಹುಡುಗಿಯರು ಇದನ್ನು ಒಮ್ಮೆ ಕೇಳಿ ಅತ್ತುಬಿಡಲಿ. ದಿನಚರಿಯ ಹಾಡು ಮಾಡಿಕೊಳ್ಳುವುದು ಬೇಡ.

ಅದೇ ಮಾತನ್ನು ಇನ್ನಷ್ಟು ಒತ್ತಿ ಹೇಳಬೇಕಾದದ್ದು ಕಾನಾ ನಿಶಿನೊ ಅವರ "ಅಯಿತಕುತೆ ಅಯಿತಕುತೆ" ಬಗ್ಗೆ. 2010ರಲ್ಲಿ ಬಂದಾಗ ಜಪಾನಿನ ಹೈಸ್ಕೂಲು ಹುಡುಗಿಯರು ಮೊಬೈಲಿಗೆ ಇಳಿಸಿಕೊಂಡು ಕೇಳುತ್ತಿದ್ದ ಕಾಲದ ಹಾಡು ಇದು. ನೋಡಬೇಕು, ನೋಡಬೇಕು ಎಂದು ಮೈ ನಡುಗುತ್ತದೆ. ನೆನೆದಷ್ಟೂ ಅವನು ದೂರವಾಗುತ್ತಾನೆ. ಅವನ ಪಕ್ಕದಲ್ಲಿ ಇನ್ನೊಬ್ಬಳಿದ್ದಾಳೆ. ಆ ವಯಸ್ಸಿನ ಹಂಬಲವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದೇ ಇದರ ಬಲ. ನನಗೆ ಈ ಹಾಡಿನ ಮೇಲೆ ಗೌರವವಿದೆ. ಆದರೆ ಇದರ ವೃತ್ತಕ್ಕೆ ಹೊರದಾರಿಯೇ ಇಲ್ಲ, ಶುರುವಾದಲ್ಲೇ ಮುಗಿಯುತ್ತದೆ. ಅವನ ನಂಬರಿಗೆ ರಾತ್ರಿ ಒಂದು ಗಂಟೆಗೆ ಸಂದೇಶ ಕಳಿಸುವ ಮನಸ್ಸಾಗುತ್ತಿರುವವರು ಇದನ್ನು ಕೇಳದಿರುವುದೇ ಲೇಸು.

ಅಂಥ ರಾತ್ರಿಗೆ ಬದಲಿ ಬೇಕಾದರೆ ಡಿಶ್ ತಂಡದ "ನೆಕೊ". ಐಮ್ಯೋನ್ ಎಂಬ ಗಾಯಕಿ ಬರೆದುಕೊಟ್ಟ ಹಾಡು, 2017ರಲ್ಲಿ ಇನ್ನೊಂದು ಹಾಡಿನ ಜೊತೆಗೆ ಬಂದದ್ದು. ಮೂರು ವರ್ಷ ಹೆಚ್ಚು ಜನರಿಗೆ ತಲುಪಿರಲಿಲ್ಲ. 2020ರಲ್ಲಿ "ದಿ ಫಸ್ಟ್ ಟೇಕ್" ಎಂಬ ಯೂಟ್ಯೂಬ್ ವಾಹಿನಿಯಲ್ಲಿ ತಂಡದ ಗಾಯಕ ತಕುಮಿ ಕಿತಮುರಾ ಬಿಳಿ ಗೋಡೆಯ ಮುಂದೆ ನಿಂತು ಒಂದೇ ಉಸಿರಿಗೆ ಹಾಡಿದ ಮೇಲೆ ಮನೆಮಾತಾಯಿತು. ಊರನ್ನೇ ನುಂಗುವಂತೆ ಉರಿಯುವ ಸಂಜೆಗೆಂಪು, ಹೋದವಳು ಬೆಕ್ಕಾಗಿದ್ದಾಳೆ, ಯಾವತ್ತಾದರೂ ಸುಮ್ಮನೆ ಬಂದುಬಿಡುತ್ತಾಳೆ ಎಂಬ ಹುಡುಗನ ಹುಚ್ಚು ಕಲ್ಪನೆ. ಹಂಬಲ ಇಲ್ಲೂ ಅಷ್ಟೇ ಇದೆ, ಆದರೆ ಕಲ್ಪನೆಗೆ ತಿರುಗಿದ ಹಂಬಲ ಕೈಯನ್ನು ಫೋನಿನ ಕಡೆ ಒಯ್ಯುವುದಿಲ್ಲ. ನಾನು ಹೇಳುತ್ತಿರುವುದು ಆ ಬಿಳಿ ಗೋಡೆಯ ಮುಂದಿನ ಹಾಡಿಕೆಯ ಬಗ್ಗೆ. ಮೂಲ ಧ್ವನಿಮುದ್ರಣಕ್ಕಿಂತ ಅದರಲ್ಲಿ ಉಸಿರು ಹತ್ತಿರದಿಂದ ಕೇಳಿಸುತ್ತದೆ.

ಮಾರ್ಚ್ ತಿಂಗಳ ಅಗಲಿಕೆ

ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಬೀಳ್ಕೊಡುಗೆಯ ಸಮಾರಂಭ ಮಾರ್ಚ್‌ನಲ್ಲಿ, ಸಕುರಾ (ಚೆರ್ರಿ) ಹೂ ಅರಳುವುದು ಅದರ ಬೆನ್ನಿಗೇ. ಶಾಲೆ ಬಿಡುವುದು, ಊರು ಬಿಡುವುದು, ಪ್ರೀತಿ ಬಿಡುವುದು ಮೂರೂ ಒಂದೇ ವಾರದಲ್ಲಿ ನಡೆಯುವುದರಿಂದ ಇದಕ್ಕಾಗಿಯೇ ಹಾಡುಗಳ ಒಂದು ದೊಡ್ಡ ಪರಂಪರೆ ಬೆಳೆದಿದೆ. ಸಮವಸ್ತ್ರದ ಕೋಟಿನ ಎರಡನೆಯ ಗುಂಡಿ ಹೃದಯಕ್ಕೆ ಹತ್ತಿರದ್ದೆಂದು ಹುಡುಗಿಯರು ಅದನ್ನು ಮೆಚ್ಚಿದ ಹುಡುಗನಿಂದ ಕೇಳಿ ಪಡೆಯುವ ರೂಢಿಯೂ ಇದೇ ದಿನದ್ದು.

ಈ ಪರಂಪರೆಯಲ್ಲಿ ಯುಕಿ ಸಾಯಿತೊ ಅವರ "ಸೊತ್ಸುಗ್ಯೊ" ನನಗೆ ಎಲ್ಲಕ್ಕಿಂತ ಮೇಲು. 1985ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಹಾಡು, ಆಗ ಅವರಿಗೆ 18. ಸಾಹಿತ್ಯ ತಕಾಶಿ ಮತ್ಸುಮೊತೊ ಅವರದು, ಸಂಗೀತ ಕ್ಯೊಹೆಯ್ ತ್ಸುತ್ಸುಮಿ ಅವರದು. ಕಿರಿಯ ಹುಡುಗಿಯರು ಗುಂಡಿ ಕೇಳಿ ಮುತ್ತಿಕೊಂಡಾಗ ತಲೆ ಕೆರೆದುಕೊಂಡು ಓಡುವ ಹುಡುಗ, ಒಳಗೊಳಗೇ ಅವನಿಗೆ ಖುಷಿ. ಮಧ್ಯಾಹ್ನದ ಖಾಲಿ ತರಗತಿಯಲ್ಲಿ ಬೆಂಚಿನ ಮೇಲೆ ಹೆಸರಿನ ಮೊದಲಕ್ಷರ ಕೆತ್ತಲು ಹೋದರೆ ಹುಡುಗಿ ತಡೆಯುತ್ತಾಳೆ. ದೂರ ಹೋದರೂ ಫೋನ್ ಮಾಡುತ್ತೇನೆಂದು ಅವನು ಕಿರುಬೆರಳು ಚಾಚುತ್ತಾನೆ. ಉಳಿಸಿಕೊಳ್ಳಲಾಗದ ಮಾತು ಕೊಡುವುದು ಬೇಡ, ಕ್ಷಮಿಸು ಎನ್ನುತ್ತಾಳೆ. ಅವನು ಟೋಕಿಯೋಗೆ ಹೊರಟವನು, ಅಲ್ಲಿ ಬದಲಾಗುತ್ತಾನೆಂದು ಅವಳಿಗೆ ಗೊತ್ತು. ಬೀಳ್ಕೊಡುಗೆಯಲ್ಲಿ ಅಳದಿದ್ದರೆ ಜನ ತಣ್ಣನೆಯ ಹುಡುಗಿ ಎಂದಾರು, ಆದರೆ ಇದಕ್ಕಿಂತ ದುಃಖದ ಗಳಿಗೆಗೆ ಕಣ್ಣೀರನ್ನು ಉಳಿಸಿಟ್ಟುಕೊಳ್ಳುತ್ತೇನೆ ಎಂಬುದು ಅವಳ ನಿಲುವು. ಜೀವನದ ಲೆಕ್ಕ ಇಷ್ಟು ಸ್ಪಷ್ಟವಾಗಿ ತಿಳಿದ ಹದಿನೆಂಟರ ಹುಡುಗಿ ಪಾಪ್ ಹಾಡುಗಳಲ್ಲಿ ಅಪರೂಪ. ಪಿಯುಸಿ ಮುಗಿಸಿ ಒಬ್ಬರು ಬೆಂಗಳೂರಿಗೆ, ಇನ್ನೊಬ್ಬರು ಮಂಗಳೂರಿಗೆ ಹೊರಡುವ ಜೋಡಿಗೆ ಇಲ್ಲಿ ಹೊಸದಾಗಿ ವಿವರಿಸಬೇಕಾದದ್ದು ಏನೂ ಇಲ್ಲ.

ಹಳೆಯ ಧಾಟಿ ಹಿಡಿಸದಿದ್ದರೆ ಇಕಿಮೊನೊಗಕಾರಿ ತಂಡದ "ಸಕುರಾ" ಕೇಳಿ, 2006ರದ್ದು. ಕನಗಾವಾ ಪ್ರಾಂತ್ಯದ ಈ ತಂಡ ತಮ್ಮೂರಿನ ಒಡಾಕ್ಯು ರೈಲುಮಾರ್ಗವನ್ನು ಹೆಸರು ಹಿಡಿದೇ ಹಾಡಿನಲ್ಲಿ ತಂದಿದೆ. ರೈಲಿನ ಕಿಟಕಿಯಲ್ಲಿ ಈ ವರ್ಷವೂ ಹೂ ಕಾಣುತ್ತದೆ, ಜೊತೆಯವನಿಲ್ಲ. ಅಗಲಿ ಒಂದು ವರ್ಷವಾದವರಿಗೆ ಇದು ಒಪ್ಪುತ್ತದೆ. ನಿನ್ನೆ ಅಗಲಿದವರಿಗೆ "ಸೊತ್ಸುಗ್ಯೊ".

ಗೆಳೆತನ ಮುರಿದದ್ದಕ್ಕೂ ಎದೆ ಒಡೆಯುತ್ತದೆ, ಅದನ್ನು ಹಿರಿಯರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಪ್ಪೊರೊ ನಗರದ ಹುಡುಗಿಯರ ತಂಡ ಜೋನ್, 2001ರ ಆಗಸ್ಟ್‌ನಲ್ಲಿ ಹಾಡಿದ "ಸೀಕ್ರೆಟ್ ಬೇಸ್" ಇದಕ್ಕೆಂದೇ ಇದೆ. ಬೇಸಿಗೆಯ ರಜೆಯ ಕೊನೆಗೆ ಶಾಲೆ ಬದಲಾಯಿಸಬೇಕಾಗಿ ಬಂದ ಮಗು, ಪತ್ರ ಬರೆಯುತ್ತೇನೆ, ಫೋನ್ ಮಾಡುತ್ತೇನೆ, ಮರೆಯಬೇಡ ಎನ್ನುತ್ತದೆ. ಹತ್ತು ವರ್ಷದ ನಂತರದ ಆಗಸ್ಟ್‌ನಲ್ಲಿ ಮತ್ತೆ ಸೇರೋಣ ಎಂಬ ಒಪ್ಪಂದವಿದೆ. ಸರಿಯಾಗಿ ಹತ್ತು ವರ್ಷಕ್ಕೆ, 2011ರಲ್ಲಿ, "ಅನೊಹನಾ" ಅನಿಮೆ ಇದನ್ನು ಮುಕ್ತಾಯ ಗೀತೆಯಾಗಿ ಮತ್ತೆ ಹಾಡಿಸಿತು. ಹತ್ತು, ಹನ್ನೊಂದು ವಯಸ್ಸಿನ ಮಕ್ಕಳಿಗೂ ನಿಶ್ಚಿಂತೆಯಿಂದ ಕೇಳಿಸಬಹುದಾದ ಹಾಡು.

ಸಾವು, ಮತ್ತು ಒಂದು ಎಚ್ಚರಿಕೆ

ಕೆನ್ಶಿ ಯೊನೆಜು ಅವರ "ಲೆಮನ್" ಎಲ್ಲ ಪ್ರೇಮಭಂಗದ ಪಟ್ಟಿಗಳಲ್ಲೂ ಇರುತ್ತದೆ. ಅದು ಪ್ರೇಮಭಂಗದ ಹಾಡಲ್ಲ, ಸತ್ತವರಿಗಾಗಿ ಹಾಡಿದ್ದು. 2018ರ ಮಾರ್ಚ್‌ನಲ್ಲಿ, ಶವಪರೀಕ್ಷೆಯ ವೈದ್ಯರ ಕಥೆಯುಳ್ಳ "ಅನ್‌ನ್ಯಾಚುರಲ್" ಧಾರಾವಾಹಿಗಾಗಿ ಬಂತು. ಬರೆಯುತ್ತಿರುವಾಗಲೇ ಯೊನೆಜು ಅವರ ಅಜ್ಜ ತೀರಿಕೊಂಡರು. 2018, 2019 ಎರಡೂ ವರ್ಷ ಬಿಲ್‌ಬೋರ್ಡ್ ಜಪಾನಿನ ವರ್ಷದ ಪಟ್ಟಿಯಲ್ಲಿ ಇದೇ ಮೊದಲು. ಇದೆಲ್ಲ ಕನಸಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಶುರುವಾಗಿ, ಕೊಯ್ದ ಹಣ್ಣಿನ ಒಂದು ಹೋಳಿನಂತೆ ನೀನು ಇಂದಿಗೂ ನನ್ನ ಬೆಳಕು ಎಂದು ಮುಗಿಯುತ್ತದೆ. ಮನೆಯಲ್ಲಿ ಸಾವು ಕಂಡ ಮಗುವಿಗೆ ಇದನ್ನು ಕೊಡಿ. ಗೆಳತಿ ಬಿಟ್ಟುಹೋದಳೆಂದು ಅಳುತ್ತಿರುವವನಿಗೆ ಕೊಟ್ಟರೆ, ಬದುಕಿರುವ ಹುಡುಗಿಯನ್ನು ಸತ್ತವಳಂತೆ ಶೋಕಿಸಲು ಕಲಿಸಿದಂತಾಗುತ್ತದೆ.

ಯೊರುಶಿಕಾ ಜೋಡಿಯ "ತದಾ ಕಿಮಿ ನಿ ಹಾರೆ", 2018ರದು, ಹೋದವರು ಎಲ್ಲಿಗೆ ಹೋದರೆಂದು ಸ್ಪಷ್ಟವಾಗಿ ಹೇಳುವುದಿಲ್ಲ. ಗಿಟಾರ್ ವೇಗವಾಗಿ ಓಡುತ್ತದೆ, ಬಸ್ ನಿಲ್ದಾಣದ ಹಿಂದೆ ಇಣುಕಿದರೆ ಆ ಬೇಸಿಗೆಯ ನೆನಪು. ಸೈಕಲ್ ಹತ್ತಿ ಊರು ಸುತ್ತಿ ಬರುವಾಗ ಕೇಳುವ ದುಃಖ ಇದು.

ಎಚ್ಚರಿಕೆ "ಯೊರು ನಿ ಕಕೆರು" ಬಗ್ಗೆ. ಯೊಅಸೊಬಿಗೆ ಹೆಸರು ತಂದ, 2020ರಲ್ಲಿ ಜಪಾನಿನ ವರ್ಷದ ಪಟ್ಟಿಯ ಮೊದಲ ಹಾಡು. ಪಿಯಾನೋ ಚಿಮ್ಮುತ್ತದೆ, ಕಾಲು ತಾನಾಗಿ ತಾಳ ಹಾಕುತ್ತದೆ. ಅದು ಆಧರಿಸಿದ ಕಥೆ ಆತ್ಮಹತ್ಯೆಯದು. ಅರ್ಥ ತಿಳಿಯದೆ ಪ್ರೇಮಗೀತೆಯೆಂದು ಕೇಳುವವರು ಎಷ್ಟೋ ಮಂದಿ. ಅರ್ಥ ತಿಳಿದ ಮೇಲೆ ಕುಗ್ಗಿದ ಮನಸ್ಸಿಗೆ ಅದು ಒಳ್ಳೆಯ ಸಂಗಾತಿಯಲ್ಲ. ಗಟ್ಟಿಯಾಗಿರುವಾಗ ಕೇಳಿ ಮೆಚ್ಚಬೇಕಾದ ಹಾಡು. ಹಾಡು ಯಾವುದೇ ಇರಲಿ, ಬದುಕುವುದೇ ಬೇಡವೆನಿಸುವ ಯೋಚನೆ ಬರುತ್ತಿದ್ದರೆ ಹಾಡನ್ನು ಅಲ್ಲಿಗೆ ನಿಲ್ಲಿಸಿ, ಮನೆಯವರಲ್ಲಿ ನಂಬುವ ಒಬ್ಬರಿಗೆ ಹೇಳಿ, ಇಲ್ಲವೇ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಪ್ರೇಮಕ್ಕೆ ಸಂಬಂಧವೇ ಇಲ್ಲದ ಒಡೆದ ಮನಸ್ಸಿಗೆ ಒಂದು ಹಾಡು ಹೇಳಿಬಿಡುತ್ತೇನೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಜಪಾನಿನ ಹೈಸ್ಕೂಲುಗಳ ರಾಷ್ಟ್ರೀಯ ಕ್ರೀಡಾಕೂಟ ರದ್ದಾಯಿತು. ವರ್ಷಗಟ್ಟಲೆ ಅಭ್ಯಾಸ ಮಾಡಿದ ಮಕ್ಕಳಿಗೆ ಆಡುವ ಅವಕಾಶವೇ ಇಲ್ಲವಾಯಿತು. ಗುನ್ಮಾದ ವಿದ್ಯಾರ್ಥಿಗಳು ಬರೆದ ಪತ್ರಗಳಿಗೆ ಉತ್ತರವಾಗಿ ಬ್ಯಾಕ್ ನಂಬರ್ ತಂಡ ಆ ಆಗಸ್ಟ್‌ನಲ್ಲಿ "ಸುಯ್‌ಹೇಸೆನ್" ಹಾಡನ್ನು ಯೂಟ್ಯೂಬಿನಲ್ಲಿ ಹಾಕಿತು. ಆಯ್ಕೆಯಾಗದ ತಂಡ, ಕೈತಪ್ಪಿದ ಸೀಟು, ಇಂಥದ್ದಕ್ಕೆಲ್ಲ ಇದು.

ಹಳೆಯ ಕಾಲದವು

ನಿಧಾನದ ಹಾಡು ಇಷ್ಟಪಡುವವರಿಗೆ ಮೂರು ಹೆಸರು. ಯುಮಿ ಅರಾಯ್ ಅವರ 1974ರ "ಉಮಿ ಒ ಮಿತೆಯಿತಾ ಗೊಗೊ": ಯೊಕೊಹಾಮಾದ ಗುಡ್ಡದ ಮೇಲಿನ ಡಾಲ್ಫಿನ್ ಎಂಬ ಹೋಟೆಲಿನಲ್ಲಿ ಹುಡುಗಿಯೊಬ್ಬಳು ಕೂತಿದ್ದಾಳೆ, ಎದುರಿನ ಸೋಡಾ ಲೋಟದೊಳಗೆ ಸರಕಿನ ಹಡಗು ಹಾದುಹೋಗುವುದು ಕಾಣುತ್ತದೆ. ಹಿಂದೊಮ್ಮೆ ಇಲ್ಲೇ ಕಾಗದದ ಕರವಸ್ತ್ರದ ಮೇಲೆ ಶಾಯಿ ಹರಡುತ್ತಿದ್ದಂತೆ, ಮರೆಯಬೇಡ ಎಂದಷ್ಟೇ ಬರೆದಿದ್ದಳು. ಮಸಾಯೊಶಿ ಯಾಮಜಾಕಿ ಅವರ 1997ರ "ಒನ್ ಮೋರ್ ಟೈಮ್, ಒನ್ ಮೋರ್ ಚಾನ್ಸ್" ಹಾಡಿನಲ್ಲಿ ಗಂಡಸೊಬ್ಬ ಎದುರಿನ ಪ್ಲಾಟ್‌ಫಾರ್ಮ್, ಓಣಿಯ ಕಿಟಕಿ, ರೈಲ್ವೆ ಗೇಟು ಎಲ್ಲೆಲ್ಲೂ ಇರಲಾರದವಳನ್ನು ಹುಡುಕುತ್ತಾನೆ. ಶಿಂಕಾಯ್ 2007ರಲ್ಲಿ "5 ಸೆಂಟಿಮೀಟರ್ಸ್ ಪರ್ ಸೆಕೆಂಡ್" ಚಿತ್ರದ ಕೊನೆಗೆ ಇದನ್ನು ಬಳಸಿದ ಮೇಲೆ ಹೊಸ ತಲೆಮಾರಿಗೂ ತಲುಪಿತು. ಮಿಕಿ ಮತ್ಸುಬರಾ 1979ರಲ್ಲಿ ಹಾಡಿದ "ಮಯೊನಕಾ ನೊ ಡೋರ್" 2020ರಲ್ಲಿ ಟಿಕ್‌ಟಾಕ್ ಮೂಲಕ ಜಗತ್ತೆಲ್ಲ ಸುತ್ತಿತು, ಅದನ್ನು ನೋಡಲು ಅವರೇ ಇರಲಿಲ್ಲ, 2004ರಲ್ಲಿ ತೀರಿಕೊಂಡಿದ್ದರು. ಬೂದು ಬಣ್ಣದ ಕೋಟಿನ ಮೇಲಿನ ಪರಿಚಿತ ಕಾಫಿ ಕಲೆ ಈ ಹಾಡಿನ ಜೀವ. ಮೂರರಲ್ಲಿ ಹದಿಹರೆಯಕ್ಕೆ ಹತ್ತಿರದ್ದು ಮೊದಲನೆಯದು. ಯಾಮಜಾಕಿ ಅವರ ಹುಡುಕಾಟಕ್ಕೆ ಕೊನೆಯೇ ಇಲ್ಲ. ಅದನ್ನು ಇಪ್ಪತ್ತು ದಾಟಿದ ಮೇಲೆ ಕೇಳಿದರೂ ತಡವೇನಲ್ಲ.

ಜಪಾನಿ ಭಾಷೆ ಕಲಿಯುತ್ತಿರುವವರಿಗೆ

ಬೆಂಗಳೂರಿನಲ್ಲಿ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆ ನಡೆಯುತ್ತದೆ, ಅದಕ್ಕೆ ಓದುವ ಹೈಸ್ಕೂಲು, ಕಾಲೇಜು ಮಕ್ಕಳೂ ಇದ್ದಾರೆ. ಅವರು ಹಾಡನ್ನು ಪಾಠವಾಗಿಯೂ ಬಳಸಬಹುದು. "ಸೀಕ್ರೆಟ್ ಬೇಸ್" ಮೊದಲು: ಬೇಸಿಗೆ, ಕನಸು, ಪತ್ರ, ಫೋನ್, ಹತ್ತು ವರ್ಷ, ಎಲ್ಲ ಆರಂಭದ ಹಂತದ ಪದಗಳು, ದನಿಯೂ ನಿಧಾನ. ಆಮೇಲೆ "ಡ್ರೈ ಫ್ಲವರ್", ಅದು ಆಡುಮಾತಿನ ವಾಕ್ಯಗಳಿಗೆ ಒಳ್ಳೆಯ ಅಭ್ಯಾಸ. ಇಕುರಾ ಪದಗಳನ್ನು ಓಡಿಸುವ ವೇಗಕ್ಕೆ ಕಿವಿ ಒಗ್ಗಲು ಸಮಯ ಬೇಕು, "ತಬುನ್" ಅನ್ನು ಸಾಹಿತ್ಯ ಎದುರಿಗಿಟ್ಟುಕೊಂಡೇ ಕೇಳಿ. "ಲೆಮನ್" ಹಾಡಿನ ಮಾತು ಕಾವ್ಯಕ್ಕೆ ಹತ್ತಿರ, ಅದಕ್ಕೆ ಅವಸರ ಬೇಡ. "ಫಸ್ಟ್ ಲವ್" ಪಲ್ಲವಿಯಲ್ಲಿ ಇಂಗ್ಲಿಷ್ ಬೆರೆತಿರುವುದರಿಂದ ಭಾಷೆ ಏನೂ ಬಾರದವರು ಕೂಡ ಮೊದಲ ದಿನವೇ ಅರ್ಧ ಹಾಡಿಬಿಡಬಹುದು.